ಒಂದು ಗುಟುಕು ಕಡಿಮೆ

ನೀರು ಕುಡಿಯುವ ಲೋಟವೊಂದು ತನ್ನ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ರೈಲಿನ ಕಥೆಯನ್ನು ಎಂಜಿನು ಹೇಳಬೇಕು, ಇಲ್ಲವೇ ಹಳಿ ಹೇಳಬೇಕು. ಅವುಗಳ ಮುಂದೆ ನಾನು ಎಷ್ಟರದು? ನಾಲ್ಕು ಅಕ್ಷರ ಕಲಿತದ್ದೂ ರೈಲ್ವೆ ಕಾಲೊನಿಯ ಸಂಜೆ ಶಾಲೆಯಲ್ಲಿ, ಮಾಸ್ತರರ ಮೇಜಿನ ಮೇಲೆ ಕುಳಿತು, ಕರಿಹಲಗೆಯನ್ನು ಓರೆಯಾಗಿ ನೋಡುತ್ತ. ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೂ ಹೇಳುತ್ತೇನೆ. ಏಕೆಂದರೆ ಈಗ ನನ್ನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಅದರಲ್ಲಿ ಬರೆದದ್ದು ಪೂರ್ತಿ ನಿಜವೇ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ.

ನಾನು ಒಂದು ಹಿತ್ತಾಳೆ ಲೋಟ. ಬೋಗಾರ ಓಣಿಯ ಪದ್ಮಣ್ಣನವರ ಅಂಗಡಿಯಲ್ಲಿ ಸುತ್ತಿಗೆಯ ಪೆಟ್ಟು ತಿಂದು ಹುಟ್ಟಿದೆ. ಕೊನೆಯ ಪೆಟ್ಟು ಬೀಳುವ ಹೊತ್ತಿಗೆ ಯಾರೋ ಅವರನ್ನು ಕೂಗಿದರು. ಕೈ ತಪ್ಪಿ ನನ್ನ ತಳ ಒಂದಿಷ್ಟು ಸೊಟ್ಟಗಾಯಿತು. ಪದ್ಮಣ್ಣ ನನ್ನನ್ನು ತಿರುಗಿಸಿ ನೋಡಿ, "ಇರಲಿ ಬಿಡು. ಕುಡಿಯೋ ಮಂದಿ ಬಾಯಿ ನೋಡ್ತಾರ, ತಳಾ ಯಾರ್ ನೋಡ್ತಾರ" ಎಂದರು. ಅವರಿಗೆ ಅದು ಅಲ್ಲಿಗೇ ಮುಗಿಯಿತು. ನನಗೆ ಮುಗಿಯಲಿಲ್ಲ. ಏಕೆಂದು ಮುಂದೆ ತಿಳಿಯುತ್ತದೆ.

ನನ್ನನ್ನು ಕೊಂಡವರು ಮಗಳ ಮದುವೆಗೆ ಪಾತ್ರೆ ಕೊಳ್ಳಲು ಬಂದವರು. ಅಂಚಿನ ಕೆಳಗೆ 'ನಿಂಗವ್ವ' ಎಂದು ಹೆಸರು ಕೊರೆಸಿದರು. ಆ ನಿಂಗವ್ವನ ಜೊತೆ ನಾನು ಎರೆಹಾಳ ಎಂಬ ಸಣ್ಣ ಸ್ಟೇಷನ್ನಿನ ರೈಲ್ವೆ ಮನೆಗೆ ಬಂದೆ. ಅವಳ ಗಂಡ ಫಕ್ಕೀರಪ್ಪ ಅಲ್ಲಿಯ ಗ್ಯಾಂಗಿನ ಮೇಸ್ತ್ರಿ. ಹಳಿಯ ಕೆಳಗಿನ ಜಲ್ಲಿಯನ್ನು ಹಾರೆಯಿಂದ ಬಡಿದು ಕೂಡಿಸಿ, ತಮ್ಮ ಪಾಲಿನ ದಾರಿಯನ್ನು ಮಟ್ಟವಾಗಿ ಇಟ್ಟುಕೊಳ್ಳುವುದು ಆ ಗ್ಯಾಂಗಿನ ಕೆಲಸ.

ಆ ದಾರಿಯಲ್ಲೊಂದು ತುಂಡು ಎರೆಮಣ್ಣಿನ ಮೇಲಿತ್ತು. ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆ ಬಿದ್ದರೆ ಹಿಟ್ಟಿನ ಹಾಗೆ ಉಬ್ಬುತ್ತದೆ, ಬಿಸಿಲು ಬಿದ್ದರೆ ಬಾಯಿ ಬಿಡುತ್ತದೆ. ಮೇಲಿನ ಹಳಿ ಇಂದು ಇದ್ದಂತೆ ನಾಳೆ ಇರುತ್ತಿರಲಿಲ್ಲ. ಅಲ್ಲಿಗೆ ಬಂದ ಗಾಡಿ ಈ ಕಡೆಗೊಮ್ಮೆ ಆ ಕಡೆಗೊಮ್ಮೆ ವಾಲಾಡುತ್ತ ಸಾಗುತ್ತಿತ್ತು. ಜನ ಆ ಜಾಗಕ್ಕೆ 'ತೊಟ್ಟಿಲು' ಎಂದು ಹೆಸರಿಟ್ಟಿದ್ದರು. ಅದರ ಬಾಯಿಯಲ್ಲಿ '೩೦' ಎಂದು ಬರೆದ ಹಳದಿ ಹಲಗೆ ನಿಂತಿತ್ತು. ಅಷ್ಟಕ್ಕಿಂತ ಜೋರಾಗಿ ಯಾವ ಗಾಡಿಯೂ ಹೋಗುವಂತಿಲ್ಲ. ಅಳುವ ಕೂಸು ಇದ್ದ ತಾಯಂದಿರು ಮಾತ್ರ ಆ ಹಲಗೆಗಾಗಿ ಕಾಯುತ್ತಿದ್ದರು. "ತಡೀವಾ, ತೊಟ್ಟಿಲು ಬರಲಿ, ತಾನ ಮಲಗತೈತಿ" ಎನ್ನುತ್ತಿದ್ದರು. ಮಲಗುತ್ತಲೂ ಇದ್ದವು.

ಫಕ್ಕೀರಪ್ಪ ನನ್ನನ್ನು ಅಡುಗೆಮನೆಯಿಂದ ಎತ್ತಿಕೊಂಡು ಹೋದದ್ದು ಈ ತೊಟ್ಟಿಲಿಗಾಗಿಯೇ. ನನ್ನಲ್ಲಿ ಅಂಚಿನವರೆಗೆ ನೀರು ತುಂಬಿ, ಗಾಡಿಯ ಕೊನೆಯ ಡಬ್ಬಿಯಲ್ಲಿ ಬಾಗಿಲ ಹತ್ತಿರ ಕೂತು, ಪಕ್ಕದ ಹಲಗೆಯ ಮೇಲೆ ನನ್ನನ್ನು ಇಡುತ್ತಿದ್ದ. ಕೈಯಲ್ಲಿ ಸುಣ್ಣದ ಪುಡಿಯ ಪೊಟ್ಟಣಗಳು. ನಾನು ಚೆಲ್ಲಿದ ತಕ್ಷಣ ಒಂದು ಪೊಟ್ಟಣ ಹೊರಗೆ ಬೀಳುತ್ತಿತ್ತು. ಮರುದಿನ ಜಲ್ಲಿಯ ಮೇಲೆ ಬೆಳ್ಳಗೆ ಸುಣ್ಣ ಕಂಡಲ್ಲಿ ಗ್ಯಾಂಗು ಹಾರೆ ಹಾಕುತ್ತಿತ್ತು. ನಾನು ಚೆಲ್ಲಿದ್ದೆಲ್ಲ ಹಳಿಯ ತಪ್ಪೇ, ಅಥವಾ ನನ್ನ ಸೊಟ್ಟ ತಳದ ಪಾಲೂ ಇತ್ತೇ? ಸುಮ್ಮನೆ ಜನರ ಬೆವರು ಇಳಿಸಿದೆನೇ? ಈ ಕೊರಗು ನನಗೆ ಆಗಿನಿಂದಲೂ ಇದೆ.

ಪ್ರಯಾಣಿಕರಿಗೆ ಇದೊಂದು ತಮಾಷೆ.

"ಏನ್ರೀ ಮೇಸ್ತ್ರಿ, ಗಿಲಾಸ ತುಂಬಿಕೊಂಡು ಕುಂತೀರಿ, ಕುಡಿಯಾಕ ಒಲ್ರಿ. ವ್ರತಾ ಗಿತಾ ಹಿಡದೀರೇನು?"

"ವ್ರತಾನ ಅನ್ನು" ಎನ್ನುತ್ತಿದ್ದ ಫಕ್ಕೀರಪ್ಪ. "ಒಂದು ಹನಿ ಚೆಲ್ಲಲಾರದ ತೊಟ್ಟಿಲು ದಾಟಿದ ದಿನ ಈ ನೀರು ಕುಡೀತೀನಿ. ಅಲ್ಲೀತನಕ ಹಳೀಗೆ ಅಭಿಷೇಕ."

ಹಾಗೆಯೇ, ಉಳಿದ ನೀರನ್ನು ಇಳಿದ ಮೇಲೆ ಹಳಿಗೆ ಸುರಿಯುತ್ತಿದ್ದ. ಎಂಥ ಬೇಸಿಗೆಯಲ್ಲೂ ಒಂದು ಗುಟುಕು ಕುಡಿದದ್ದನ್ನು ನಾನು ಕಾಣೆ.

ಮುಂದೆ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು. ಇನ್ಸ್‌ಪೆಕ್ಟರ್ ಕುಲಕರ್ಣಿಯವರು ಮೊದಲ ಗಾಡಿಯಲ್ಲಿ ಫಕ್ಕೀರಪ್ಪನನ್ನು ತಮ್ಮ ಎದುರಿಗೇ ಕೂರಿಸಿಕೊಂಡರು. "ಫಕ್ಕೀರಪ್ಪಾ, ಇವತ್ತ ಕುಡಿಯಪಾ ನಿನ್ನ ನೀರು" ಎಂದು ನನ್ನನ್ನು ತಮ್ಮ ಮಗ್ಗುಲಲ್ಲಿಯೇ ಇಟ್ಟುಕೊಂಡರು. ತೊಟ್ಟಿಲು ಒಂದೇ ಸಲ ತೂಗಿತು. ಅರ್ಧ ಲೋಟ ನೀರು ಸಾಹೇಬರ ತೊಡೆಯ ಮೇಲೆ.

"ನಾ ಎಲ್ಲಿ ಕುಡೀಲ್ರಿ ಸಾಹೇಬ್ರ" ಎಂದ ಫಕ್ಕೀರಪ್ಪ. "ಎಲ್ಲಾ ನಿಮ್ಮ ಪ್ಯಾಂಟ ಕುಡೀತು!"

ಸಾಹೇಬರೂ ನಕ್ಕರು, ಡಬ್ಬಿಯೆಲ್ಲ ನಕ್ಕಿತು. ಆದರೆ ಇಳಿದು ನೀರು ಸುರಿಯುವಾಗ ಫಕ್ಕೀರಪ್ಪ ನಗುತ್ತಿರಲಿಲ್ಲ. ಹಳಿ ಎಷ್ಟು ದೊಡ್ಡದಾದರೇನು, ಕೆಳಗಿನ ಮಣ್ಣು ಅದೇ ಅಲ್ಲವೇ? ಹಳದಿ ಹಲಗೆ ನಿಂತಲ್ಲೇ ನಿಂತಿತು. ಕೆಲವು ವರ್ಷಗಳ ಮೇಲೆ ಜ್ವರ ಹಿಡಿದು ಫಕ್ಕೀರಪ್ಪ ತೀರಿಕೊಂಡ. ವ್ರತ ಹಾಗೆಯೇ ಉಳಿಯಿತು.

ಅನುಕಂಪದ ಮೇಲೆ ಕೆಲಸ ಮಗಳು ರುದ್ರವ್ವನಿಗೆ ಸಿಕ್ಕಿತು. ಮೊದಲ ದಿನ ಅವಳು ರೊಟ್ಟಿಯ ಗಂಟಿನ ಜೊತೆ ನನ್ನನ್ನೂ ಎತ್ತಿಕೊಂಡಳು.

"ಅದ್ಯಾಕವ್ವಾ? ಅಲ್ಲಿ ನೀರು ಕುಡಿಯಾಕ ತಂಬಗಿ ಇರ್ತಾವಲ್ಲ" ಎಂದಳು ನಿಂಗವ್ವ.

"ಕುಡಿಯಾಕಲ್ಲವಾ. ಅಪ್ಪಂದೊಂದು ಕೆಲಸ ಉಳದೈತಿ."

ರುದ್ರವ್ವ ಹಾರೆ ಹಿಡಿದಳು, ಸುಣ್ಣ ಎಸೆದಳು, ಕಾಲಕ್ರಮೇಣ ತಾನೇ ಮೇಸ್ತ್ರಿಯಾದಳು. ಕಾಲೊನಿಯ ಸಂಜೆ ಶಾಲೆಗೆ ಅವಳ ಜೊತೆ ಹೋದದ್ದೂ ಆಗಲೇ. ಒಂದು ಸಂಜೆ ಮಾಸ್ತರರು ನನ್ನಿಂದ ನೀರು ಕುಡಿದು, ಹಲಗೆಯ ಮೇಲೆ 'ತುಂಬಿದ ಕೊಡ ತುಳುಕುವುದಿಲ್ಲ' ಎಂದು ಬರೆದು ಓದಿಸಿದರು. ಹಿಂದಿನ ಸಾಲಿನಿಂದ ರುದ್ರವ್ವ ಎದ್ದು ನಿಂತಳು. "ಮಾಸ್ತರ, ಒಮ್ಮೆ ನಮ್ಮ ತೊಟ್ಟಿಲಿಗೆ ಬರ್ರಿ. ಅಲ್ಲಿ ತುಂಬಿದ್ದೂ ತುಳುಕತೈತಿ, ಅರ್ಧಾನೂ ತುಳುಕತೈತಿ." ಗ್ಯಾಂಗಿನವರು ಗೊಳ್ಳೆಂದರು. ಮಾಸ್ತರರು ಗಾದೆಯನ್ನು ಅಳಿಸಲಿಲ್ಲ. ಪಕ್ಕದಲ್ಲಿ ಸಣ್ಣದಾಗಿ 'ಎರೆಹಾಳ ಬಿಟ್ಟು' ಎಂದು ಸೇರಿಸಿದರು. ನಾನು ಮೊದಲು ತಪ್ಪಿಲ್ಲದೆ ಓದಿದ ವಾಕ್ಯ ಅದು.

ಅಷ್ಟು ಹೊತ್ತಿಗೆ ದೇಶಕ್ಕೆ ವೇಗದ ಹುಚ್ಚು ಹಿಡಿದಿತ್ತು. ಹುಚ್ಚು ಎಂದದ್ದು ತಪ್ಪಾಯಿತೇನೋ, ಆಸೆ ಎನ್ನೋಣ. ಬಾಗವಾನ ಎಂಬ ವಿಜಯಪುರದ ಕಡೆಯ ತರುಣ ಎಂಜಿನಿಯರು ನಮ್ಮಲ್ಲಿಗೆ ಬಂದರು. ಅವರ ಕಚೇರಿಯ ಗೋಡೆಗೆ ದೇಶದ ದೊಡ್ಡ ನಕಾಶೆ. ವೇಗದ ಗಾಡಿ ಓಡತೊಡಗಿದ ದಾರಿಗೆಲ್ಲ ಗುಂಡುಸೂಜಿ ಚುಚ್ಚಿ ಕೆಂಪು ದಾರ ಎಳೆಯುತ್ತಿದ್ದರು. ನನ್ನ ಸುದ್ದಿ ಕೇಳಿ, ರುದ್ರವ್ವನಿಂದ ನನ್ನನ್ನು ಕಡ ತಂದು ಆ ನಕಾಶೆಯ ಕೆಳಗಿನ ಮೇಜಿನ ಮೇಲೆ ಇಟ್ಟುಕೊಂಡರು. ಅಲ್ಲಿಂದ ನಾನು ದೇಶ ಬೆಳೆಯುವುದನ್ನು ಕಂಡೆ. ಮೊದಲು ರಾಜಧಾನಿಯ ಸುತ್ತ ಒಂದೆರಡು ಎಳೆ. ಆಮೇಲೆ ಸಮುದ್ರದ ದಂಡೆಯಲ್ಲೊಂದು. ಆಮೇಲೆ, ವೇಗದ ಗಾಡಿಗಾಗಿಯೇ ಕಂಬಗಳ ಮೇಲೆ ಹೊಸ ದಾರಿಗಳನ್ನೇ ಕಟ್ಟಿದರಂತೆ, ಅವಕ್ಕೆ ದಪ್ಪ ದಾರ. ಹಳೆಯ ದಾರಿಗಳನ್ನೂ ಗಟ್ಟಿಮಾಡಿ ಸೇರಿಸುತ್ತ ಬಂದರು. ಮಗ್ಗದ ಮೇಲೆ ಸೀರೆ ನೇಯ್ದ ಹಾಗೆ ನಕಾಶೆ ಕೆಂಪಾಗುತ್ತ ಹೋಯಿತು. ಉತ್ತರದಿಂದ ಒಂದು ಎಳೆ, ದಕ್ಷಿಣದಿಂದ ಒಂದು ಎಳೆ ನಮ್ಮ ಜಿಲ್ಲೆಗೆ ಬಂದು, ನಡುವೆ ಒಂದು ಉಗುರಿನಷ್ಟು ಜಾಗ ಬಿಟ್ಟು ನಿಂತವು. ಆ ಉಗುರಿನಷ್ಟು ಜಾಗವೇ ತೊಟ್ಟಿಲು.

"ನೋಡ್ರಿ ಅಕ್ಕಾ" ಎಂದರು ಬಾಗವಾನರು ಒಂದು ದಿನ. "ಇಡೀ ದೇಶ ಓಡಿ ಬಂದು ನಿಮ್ಮ ಬಾಗಿಲಾಗ ಏದುಸಿರು ಬಿಡಾಕತ್ತೈತಿ."

"ಬಂದವ್ರಿಗೆ ನೀರು ಕೊಡೂದು ನಮ್ಮ ಪದ್ಧತಿ" ಎಂದಳು ರುದ್ರವ್ವ, ನನ್ನ ಕಡೆ ಕೈ ತೋರಿಸಿ. "ಚೆಲ್ಲಲಾರದಂಗ ಕೊಡೂದು ಹೆಂಗಂತ ನೀವ ಹೇಳಬೇಕು. ನಮ್ಮಪ್ಪಗ ತಿಳೀಲಿಲ್ಲ, ನನಗೂ ತಿಳೀವಲ್ದು."

ಬಾಗವಾನರಿಗೆ ತಿಳಿದಿತ್ತು. ಮೇಲೆ ಎಷ್ಟು ಬಡಿದರೂ ಪ್ರಯೋಜನವಿಲ್ಲ, ಎರೆಮಣ್ಣನ್ನೇ ತೆಗೆಯಬೇಕು ಎಂದರು. ಅಷ್ಟರಲ್ಲಿ ನಮ್ಮಲ್ಲಿ ಜೋಡಿ ಹಳಿಯ ದಾರಿಯಾಗಿತ್ತು; ಅವೆರಡರಲ್ಲಿ ಒಂದೊಂದನ್ನೇ ನಿಲ್ಲಿಸಿ, ಆಳುದ್ದ ಅಗೆದು ಕರಿಮಣ್ಣು ಹೊರಗೆ ಹಾಕಿಸಿ, ಉಬ್ಬದ ಗೊರಚು ಮಣ್ಣು, ಮರಳು ತುಂಬಿ ದಮ್ಮಸು ಮಾಡಿಸಿದರು. ರುದ್ರವ್ವನ ನಿವೃತ್ತಿಗೆ ಆಗ ಹೆಚ್ಚು ದಿನ ಉಳಿದಿರಲಿಲ್ಲ. ಅಷ್ಟರೊಳಗೆ ಹಳದಿ ಹಲಗೆ ಕೀಳಬೇಕು, ಅಪ್ಪನ ವ್ರತ ಮುಗಿಸಬೇಕು. ಅವಳಿಗಿದ್ದ ಆಸೆ ಅದೊಂದೇ. ಮೊದಲ ಮಳೆಗಾಲ ಬಂತು. ದಿನಾ ಬೆಳಿಗ್ಗೆ ಹೋಗಿ ಹಳಿಯ ಮೇಲೆ ಕೈ ಇಟ್ಟು ನೋಡುತ್ತಿದ್ದಳಂತೆ, ಜ್ವರದ ಕೂಸಿನ ಹಣೆ ಮುಟ್ಟಿದ ಹಾಗೆ. ಇದು ನಾನು ಕಂಡದ್ದಲ್ಲ, ಬಾಗವಾನರು ಯಾರಿಗೋ ಹೇಳಿದ್ದನ್ನು ಕೇಳಿದ್ದು. ಹಳಿ ಉಬ್ಬಲಿಲ್ಲ.

ಬೇಸಿಗೆಯಲ್ಲಿ ಪರೀಕ್ಷೆಯ ಗಾಡಿ ಬಂತು. ಒಳಗೆಲ್ಲ ಅಲುಗಾಟ ಅಳೆಯುವ ಯಂತ್ರಗಳು, ಪರದೆಯ ಮೇಲೆ ಹಸಿರು ಗೆರೆಗಳು. ಬೆಂಗಳೂರಿನ ದೊಡ್ಡ ಸಾಹೇಬರು ಬಂದಿದ್ದರು. ಬಾಗವಾನರು ಅವರ ಒಪ್ಪಿಗೆ ಪಡೆದು ರುದ್ರವ್ವನನ್ನೂ ನನ್ನನ್ನೂ ಹತ್ತಿಸಿಕೊಂಡರು.

"ಏನಮ್ಮಾ, ನಿಮ್ಮ ಮಷೀನು ಇದೇನಾ?" ಎಂದರು ದೊಡ್ಡ ಸಾಹೇಬರು.

"ಹೌದ್ರಿ. ಇದಕ್ಕ ಕರೆಂಟ್ ಬೇಕಾಗೂದಿಲ್ರಿ."

ಸಾಹೇಬರಿಗೆ ನಗು ಬಂತು. "ಆಗಲಿ, ಇಡಿ. ಇದು ಪಾಸ್ ಅಂದರೇನೇ ನಾನೂ ಪಾಸ್ ಅನ್ನೋದು."

ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ತಿಳಿಯಲಿಲ್ಲ. ಆದರೆ ಡಬ್ಬಿಯಲ್ಲಿದ್ದ ಎಲ್ಲರೂ ಅದನ್ನು ಕೇಳಿದರು. ರುದ್ರವ್ವ ನನ್ನಲ್ಲಿ ಅಂಚಿನವರೆಗೆ ನೀರು ತುಂಬಿದಳು. ಗಾಡಿ ಹೊರಟಿತು. ನನ್ನ ಜನ್ಮದಲ್ಲಿ ಅಂಥ ಓಟ ಕಂಡಿರಲಿಲ್ಲ. ಕಿಟಕಿಯಾಚೆ ಹೊಲಗಳು ಒಂದರೊಳಗೊಂದು ಕಲಸಿಹೋದವು. ನೀರು ಅಂಚಿನಲ್ಲಿ ನಡುಗಿತು, ಇಳಿಯಲಿಲ್ಲ.

ಎರೆಹಾಳದ ಸ್ಟೇಷನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಸರಿಯಿತು. ಇನ್ನು ತೊಟ್ಟಿಲು. ಎಲ್ಲರೂ ಪರದೆಯ ಕಡೆ ತಿರುಗಿದರು. ಆಗ ರುದ್ರವ್ವ ನನ್ನನ್ನು ಎತ್ತಿದಳು. ಅವಳ ತುಟಿ ನನ್ನ ಅಂಚಿಗೆ ತಾಗಿತು. ಒಂದೇ ಒಂದು ಗುಟುಕು. ಮತ್ತೆ ಇದ್ದಲ್ಲಿಯೇ ಇಟ್ಟಳು.

ನಾವು ತೊಟ್ಟಿಲು ದಾಟಿದೆವು. ದಾಟಿದ್ದು ನನಗೆ ಗೊತ್ತಾಗಲೂ ಇಲ್ಲ.

"ಮಷೀನು ಪಾಸ್" ಎಂದರು ದೊಡ್ಡ ಸಾಹೇಬರು. "ನಿಮ್ಮದೇನು ಹೇಳುತ್ತೆ?"

ಬಾಗವಾನರು ನನ್ನ ತಳದ ಸುತ್ತ ಬೆರಳಾಡಿಸಿ ಎತ್ತಿ ತೋರಿಸಿದರು. ಒಣ ಬೆರಳು. ಜನ ಚಪ್ಪಾಳೆ ತಟ್ಟಿದರು. ರುದ್ರವ್ವ ನನ್ನನ್ನು ಎರಡೂ ಕೈಯಲ್ಲಿ ಹಿಡಿದು, ಉಳಿದ ನೀರನ್ನು ಒಂದೇ ಉಸಿರಿಗೆ ಕುಡಿದಳು. ಅವಳ ಕಣ್ಣಿನ ನೀರೂ ನನ್ನೊಳಗೆ ಬಿತ್ತು. ನಾನು ಅದುವರೆಗೆ ಹೊತ್ತ ನೀರಿನಲ್ಲಿ ಉಪ್ಪಾಗಿದ್ದದ್ದು ಅದೊಂದೇ.

ಮರುವಾರ ಹಳದಿ ಹಲಗೆಯನ್ನು ಅವಳೇ ಕಿತ್ತಳು. ನಕಾಶೆಯ ಕೆಂಪು ದಾರ ಜೋಡಿಸುವುದಕ್ಕೂ ಅವಳನ್ನೇ ಕರೆದರು. ಗಂಟು ಹಾಕಿ ಮುಗಿಸಿದ ಮೇಲೆ ಬಾಗವಾನರು ಮೆಲ್ಲಗೆ ಕೇಳಿದರು.

"ಅಕ್ಕಾ, ತೊಟ್ಟಿಲಿಗಿಂತ ಮೊದಲ ಒಂದು ಗುಟುಕು ಕುಡದ್ರಲ್ಲ, ಯಾಕ?"

"ನೀವು ನೋಡಿದ್ರ್ಯಾ?"

"ಪರದೇದಾಗ ನಿಮ್ಮ ನೆರಳು ಕಂಡಿತ್ತು."

"ಬಾಯಿ ಆರಿತ್ರಿ" ಎಂದಳು. ದಾರದ ಗಂಟನ್ನು ಇನ್ನೊಮ್ಮೆ ಬಿಗಿದು, "ನಿಮ್ಮ ಮಷೀನು ಸುಳ್ಳು ಹೇಳತೈತೇನು?" ಎಂದಳು.

"ಇಲ್ಲ. ಅದು ಖರೇನ ಹೇಳೈತಿ."

"ಮತ್ತ ಬಿಡ್ರಿ." ಇಬ್ಬರೂ ನಕ್ಕರು.

ಈಗ ನಾನು ಎರೆಹಾಳ ಸ್ಟೇಷನ್ನಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇದ್ದೇನೆ. ನೀರು ಕಂಡು ಬಹಳ ದಿನವಾಯಿತು, ಮೈಗೆ ಕಿಲುಬು ಹಿಡಿಯುತ್ತಿದೆ. ವೇಗದ ಗಾಡಿ ಇಲ್ಲಿ ನಿಲ್ಲುವುದಿಲ್ಲ. ಗಾಜು ಒಮ್ಮೆ ಝುಮ್ಮೆನ್ನುತ್ತದೆ, ಅಷ್ಟೇ. ನಿವೃತ್ತಳಾದ ರುದ್ರವ್ವ ಸಂಜೆಗೊಮ್ಮೆ ಬಂದು ಎದುರಿನ ಬೆಂಚಿನಲ್ಲಿ ಕೂರುತ್ತಾಳೆ. ಮೊನ್ನೆ ನಿಲ್ಲುವ ಗಾಡಿಗೆ ಕಾದಿದ್ದ ಒಬ್ಬ ತಾಯಿಯ ಮಡಿಲಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು.

"ಮೊದಲ ಇಲ್ಲಿ ಗಾಡಿ ತೂಗ್ತಿತ್ತಂತ, ಕೂಸು ಮಲಗ್ತಿದ್ವಂತ. ಈಗ ಅದೂ ಇಲ್ಲ" ಎಂದಳು ಆ ತಾಯಿ.

"ಆ ತೊಟ್ಟಿಲು ಕಿತ್ತಾಕಿ ನಾನ" ಎಂದಳು ರುದ್ರವ್ವ. "ತಾ ಇಲ್ಲೆ." ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಈ ಕಡೆಗೊಮ್ಮೆ ಆ ಕಡೆಗೊಮ್ಮೆ ತೂಗಿದಳು. ಹಳೆಯ ಗಾಡಿಯ ಓಲಾಟವೇ ಅದು, ನನಗೆ ಗುರುತು ಸಿಕ್ಕಿತು. ಕೂಸು ಮಲಗಿತು.

ನನ್ನ ಪಕ್ಕದ ಚೀಟಿಯಲ್ಲಿ ಹೀಗಿದೆ: 'ತುಂಬಿದ ಈ ಲೋಟದಿಂದ ಒಂದು ಹನಿಯೂ ಚೆಲ್ಲಲಿಲ್ಲ.' ಒಂದು ಹನಿಯೂ ಚೆಲ್ಲಲಿಲ್ಲ ಎಂಬುದು ಸತ್ಯ. 'ತುಂಬಿದ' ಎಂಬ ಮಾತಿನ ಹತ್ತಿರ ಬಂದಾಗಲೆಲ್ಲ ನಾನು ತಡವರಿಸುತ್ತೇನೆ. ಆ ಗುಟುಕು ಇದ್ದಿದ್ದರೆ ಚೆಲ್ಲುತ್ತಿದ್ದೆನೇ? ಗೊತ್ತಿಲ್ಲ. ಅವಳು ಅದನ್ನು ಕುಡಿದದ್ದು ನಾನು ಚೆಲ್ಲಿಬಿಡುತ್ತೇನೆಂಬ ಭಯಕ್ಕೋ, ಇನ್ನು ಚೆಲ್ಲುವುದೇ ಇಲ್ಲ ಎಂಬ ಧೈರ್ಯಕ್ಕೋ? ಅವಳ ತುಟಿ ನಡುಗುತ್ತಿತ್ತು. ಆ ವೇಗದಲ್ಲಿ ನಾನೂ ನಡುಗುತ್ತಿದ್ದೆ. ಯಾರ ನಡುಕ ಯಾವುದೆಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು.