ಕೊನೆಯ ಬಾತುಕೋಳಿ

ನಿವೃತ್ತ ಗಣಿತದ ಟೀಚರಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಇನ್ನೊಬ್ಬರ ಲೆಕ್ಕವನ್ನು ನಂಬಿದರು, ಅದೂ ಕೈಕೊಟ್ಟಿತು. ಕೌದಿ ಹೊಲಿಯಲೆಂದು ಅಂಗಡಿಯಿಂದ ತಂದ ಕಟ್ಟಿನ ಮೇಲೆ ‘ಒಂದೇ ಅಳತೆಗೆ ಕತ್ತರಿಸಿದ ೧೪೪ ಬಟ್ಟೆ ಚೌಕಗಳು’ ಎಂದು ಅಚ್ಚಾಗಿತ್ತು. ಸಾಲಿಗೆ ಹನ್ನೆರಡರಂತೆ ಹನ್ನೆರಡು ಸಾಲು. ಒಂದು ಚೌಕ ಬರಿ ಹಸಿರು, ಪಕ್ಕದ್ದರಲ್ಲಿ ಹಸಿರಿನ ಮೇಲೆ ಹಳದಿ ಬಾತುಕೋಳಿ. ಹನ್ನೆರಡು ದಿನ ಬೆನ್ನು ಬಗ್ಗಿಸಿ ಹೊಲಿದು, ಶುಕ್ರವಾರ ಕೊನೆಯ ಮೂಲೆಗೆ ಬಂದರೆ ಕಟ್ಟು ಖಾಲಿ. ಬಾತುಕೋಳಿ ಒಂದು ಕಡಿಮೆ.

ಭಾನುವಾರ ತಂಗಿ ಬರುವವಳಿದ್ದಳು. ಅಕ್ಕನನ್ನು ‘ಆರಂಭಶೂರೆ’ ಎಂದು ಹೀಯಾಳಿಸಲು ಅವಳಿಗೆ ಕಾರಣಗಳ ಬರವಿರಲಿಲ್ಲ. ಒಂದೇ ತೋಳಿನ ಸ್ವೆಟರ್ ಇನ್ನೂ ಬೀರುವಿನಲ್ಲಿತ್ತು. ಬೆಳಗ್ಗೆ ಬರುವುದು, ಕೈಚೀಲವನ್ನು ತೊಡೆಯಿಂದ ಇಳಿಸದೆ ಎರಡು ಗಂಟೆ ಕಿಚಾಯಿಸುವುದು, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುವುದು. ಈ ಸಲ ಮುಗಿದ ಕೌದಿಯನ್ನು ಮುಖಕ್ಕೆ ಹಿಡಿದು ಅವಳ ಬಾಯಿ ಮುಚ್ಚಿಸಬೇಕು. ಬಾಯಿ ಮುಚ್ಚಿಕೊಂಡಾದರೂ ನಾಲ್ಕು ದಿನ ಉಳಿದಾಳೇನೋ ಎಂಬ ಆಸೆಯೂ ಇತ್ತು. ಅದನ್ನು ಮಾತ್ರ ಟೀಚರಮ್ಮ ಯಾರೆದುರೂ ಬಾಯಿಬಿಟ್ಟವರಲ್ಲ.

ಬಟ್ಟೆ ಅಂಗಡಿಯವನು ಅವರ ಹಳೆಯ ವಿದ್ಯಾರ್ಥಿ. ಭಾಗಾಕಾರದಲ್ಲಿ ಉಳಿಯಬಾರದ ಕಡೆಯೆಲ್ಲ ಶೇಷ ಉಳಿಸುತ್ತಿದ್ದುದರಿಂದ ಅವನಿಗೆ ‘ಶೇಷ’ ಎಂದೇ ಹೆಸರಿಟ್ಟಿದ್ದರು. ಈಗ ತಲೆ ಬೋಳಾಗಿ ಹೊಟ್ಟೆ ಬಂದಿದ್ದರೂ ಕೌದಿ ಹಿಡಿದು ಅಂಗಡಿಗೆ ಬಂದ ಟೀಚರಮ್ಮನನ್ನು ಕಂಡೊಡನೆ ಎದ್ದು ನಿಂತ.

“ನೂರ ನಲವತ್ತನಾಲ್ಕು ಎಣಿಸೋಕೆ ಇವತ್ತಿಗೂ ಬರಲ್ವೇನೋ ನಿಂಗೆ?”

“ಎಣಿಸೋದು ಕಂಪನಿಯವರು ಟೀಚರ್,” ಎಂದ ಶೇಷ, ಬೆತ್ತದೇಟಿನ ಅಭ್ಯಾಸಬಲದಿಂದ ಅಂಗೈ ಮುಂದೆ ಚಾಚುತ್ತ. “ಆ ಬಟ್ಟೆ ಬರೋದು ನಿಂತು ವರ್ಷ ಆಯ್ತು. ತಲೆಕೆಳಗಾಗಿ ನಿಂತರೂ ಸಿಗಲ್ಲ.”

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

“ಮೈತುಂಬ ಬಾತುಕೋಳಿ ಹೊತ್ಕೊಂಡು ಇಲ್ಲ ಅಂತೀಯಲ್ಲೋ! ಬಿಚ್ಚು ಶರ್ಟು.”

ಥಾನಿನ ಕೊನೆಯಲ್ಲಿ ಉಳಿದಿದ್ದ ಬಟ್ಟೆಯಲ್ಲಿ ಶೇಷ ಶರ್ಟು ಹೊಲಿಸಿಕೊಂಡಿದ್ದ. ಈಗ ಬನಿಯನ್ನಿನಲ್ಲಿ ನಿಂತು, ಬಂದ ಗಿರಾಕಿಗಳಿಗೆ ಪರದೆ ಬಟ್ಟೆ ಅಳೆದುಕೊಡತೊಡಗಿದ. ಅಂಗಿ ಹರಿಯುವುದು ಬೇಡ, ಜೇಬು ಬಿಚ್ಚಿಕೊಂಡರೆ ಸಾಕು ಎಂದು ಟೀಚರಮ್ಮ ಉದಾರವಾಗಿ ತೀರ್ಮಾನಿಸಿ, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಡಿಸಿದರು. ಜೇಬು ಕೈಗೆ ಬಂತು. ಕೌದಿಯ ಪಕ್ಕ ಇಟ್ಟರೆ ಒಂದಕ್ಕೊಂದು ಹೊಂದುವುದಿಲ್ಲ. ಒಗೆದೂ ಒಗೆದೂ ಜೇಬಿನ ಬಾತುಕೋಳಿ ಕಾಯಿಲೆಯವರ ಹಾಗೆ ಬಿಳಿಚಿಕೊಂಡಿತ್ತು.

ಆದರೆ ಜೇಬು ಇದ್ದ ಜಾಗದಲ್ಲಿ, ಬಿಸಿಲೇ ಕಾಣದ ಅಚ್ಚ ಹಸಿರಿನ ನಡುವೆ, ಹೊಚ್ಚ ಹೊಸ ಹಳದಿ ಬಾತುಕೋಳಿ ನಿಂತಿತ್ತು.

ಇಬ್ಬರೂ ಅದನ್ನೇ ನೋಡಿದರು.

“ಬೇಡ ಟೀಚರ್,” ಎಂದ ಶೇಷ.

“ಚೌಕ ನಾಲ್ಕಂಗುಲ, ಜೇಬು ಐದಂಗುಲ. ಜೇಬನ್ನ ಮತ್ತೆ ಅಲ್ಲೇ ಹೊಲಿದ್ರೆ ತೂತು ಮುಚ್ಚತ್ತೆ. ನಿನ್ನದೇನು ಹೋಯ್ತು ಹೇಳು?”

ಹೋದದ್ದೇನೆಂದು ಶೇಷ ಲೆಕ್ಕ ಹಾಕುವಷ್ಟರಲ್ಲಿ ಟೀಚರಮ್ಮ ಚೌಕ ಕತ್ತರಿಸಿಕೊಂಡಾಗಿತ್ತು. ಅರ್ಧ ಗಂಟೆಯಲ್ಲಿ ಶರ್ಟು ಮೊದಲಿನಂತೆಯೇ ಆಗಿ ಮೈಮೇಲೆ ಬಂತು. ಪೆನ್ನನ್ನು ಜೇಬಿಗೆ ಹಾಕಿದ. ಅದು ತೂತಿನಿಂದ ಶರ್ಟಿನೊಳಗೆ ಜಾರಿ ಹೊಟ್ಟೆಯ ಹತ್ತಿರ ನಿಂತಿತು.

“ಟೀಚರ್, ಜೇಬಿಗೆ ಹಿಂಭಾಗಾನೇ ಇಲ್ಲ!”

“ಮುಂಭಾಗ ಇದೆ ತಾನೆ? ನೋಡೋರಿಗೆ ಕಾಣೋದು ಅದೇ,” ಎಂದು ಟೀಚರಮ್ಮ ಗೆದ್ದ ಬಾತುಕೋಳಿಯೊಂದಿಗೆ ಮನೆಗೆ ನಡೆದರು.

ಭಾನುವಾರ ತಂಗಿ ಬಂದಳು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಟೀಚರಮ್ಮ ಕೌದಿಯನ್ನು ಹಾಸಿಗೆಯ ಮೇಲೆ ಬಿಡಿಸಿದರು. ತಂಗಿ ಒಂದೊಂದೇ ಸಾಲನ್ನು ಬೆರಳಿಟ್ಟು ಎಣಿಸಿದಳು. ನೂರ ನಲವತ್ತನಾಲ್ಕು, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ತಂಗಿ ಕೌದಿಯ ಅಂಚು ಹಿಡಿದು ಮಗುಚಿದಳು. ಹೊಲಿಗೆಯ ಮಡಿಕೆ, ಜೋತಾಡುವ ದಾರ.

“ಹಿಂಭಾಗ ಎಲ್ಲಕ್ಕಾ?”

ಟೀಚರಮ್ಮನಿಗೆ ಶೇಷನ ಪೆನ್ನು ನೆನಪಾಯಿತು. ಉದ್ದಕ್ಕೆ ಲೆಕ್ಕ ಹಾಕಿದ್ದರು, ಅಗಲಕ್ಕೆ ಹಾಕಿದ್ದರು. ಕೌದಿಗೆ ಅಡಿಬಟ್ಟೆಯೂ ಬೇಕೆಂಬುದು ತಲೆಗೇ ಬಂದಿರಲಿಲ್ಲ. ಆರಂಭಶೂರೆ ಎಂಬ ಮಾತಿಗಾಗಿ ತಲೆ ತಗ್ಗಿಸಿ ಕಾದರು.

ಆ ಮಾತಿನ ಬದಲು ತಂಗಿ ಕೈಚೀಲ ತೆರೆದು, ಮಡಿಸಿದ ದೊಡ್ಡ ಹಸಿರು ಬಟ್ಟೆ ತೆಗೆದು ಹಾಸಿಗೆಯ ಮೇಲಿಟ್ಟಳು. ಆಮೇಲೆ ಹೊರಬಂದದ್ದು ಎರಡು ಸೂಜಿ, ಒಂದು ರಾತ್ರಿಯುಡುಪು, ಹಲ್ಲುಜ್ಜುವ ಬ್ರಷ್ಷು.

“ಫೋನಲ್ಲಿ ಉದ್ದ ಹೇಳ್ದೆ, ಅಗಲ ಹೇಳ್ದೆ, ಅಡಿಬಟ್ಟೆ ಮಾತೇ ಎತ್ತಲಿಲ್ಲ. ನೀನು ಮುಗಿಸಿರಲ್ಲ ಅಂತ ಆಗಲೇ ಗೊತ್ತಾಯ್ತು,” ಎಂದು ಖಾಲಿ ಚೀಲವನ್ನು ಮೊದಲ ಸಲ ನೆಲಕ್ಕಿಟ್ಟಳು. “ಇಬ್ಬರೂ ಕೂತ್ರೆ ದಿನಕ್ಕೆ ಎಷ್ಟು ಚೌಕ ಅಡಿಬಟ್ಟೆಗೆ ಸೇರಿಸಿ ಹೊಲೀಬಹುದು?”

ಒಬ್ಬರೇ ಹನ್ನೆರಡು ಹೊಲಿಯಬಲ್ಲ ಟೀಚರಮ್ಮ ವೃತ್ತಿಧರ್ಮ ಮರೆತು, “ನಾಲ್ಕು,” ಎಂದರು.

ತಂಗಿ ಸೂಜಿಗೆ ದಾರ ಪೋಣಿಸುತ್ತ, “ಎರಡು ಸಾಕು ಬಿಡು. ಏನು ಅವಸರ?” ಎಂದಳು.

ಟೀಚರಮ್ಮ ಮನಸ್ಸಿನಲ್ಲೇ ಭಾಗಿಸಿದರು. ಎಪ್ಪತ್ತೆರಡು ದಿನ, ಶೇಷ ಸೊನ್ನೆ.