ಲೋಳೆ ಹಿಡಿದ ಟೈಲ್ಸು

“ಅಯ್ಯೋ ಚಿಕ್ಕತ್ತೆ, ಅದನ್ನ ಮಾತ್ರ ಉಜ್ಜಬೇಡಿ!”

ಸೊಸೆ ಓಡಿಬಂದು ಬ್ರಷ್ಷು ಹಿಡಿದಿದ್ದ ಕೈಯನ್ನೇ ಹಿಡಿದುಕೊಂಡಳು. ಚಿಕ್ಕತ್ತೆಗೆ ರೇಗಿತು. ಅಕ್ಕ ತೀರಿಕೊಂಡ ಮನೆ, ಜನ ಬರುವ ಹೊತ್ತು, ಬೆಳಗಿನಿಂದ ಒಬ್ಬರೇ ನೆಲ ಗೋಡೆ ಎಲ್ಲ ತಿಕ್ಕಿದ್ದಾರೆ. ಹಿಂದಿನ ಕೋಣೆಗೆ ಬಂದರೆ ಬಕೆಟ್ಟಿನ ತುಂಬ ಲೋಳೆ ಹಿಡಿದ ಟೈಲ್ಸ್ ತುಂಡುಗಳು, ಪಕ್ಕದಲ್ಲೊಂದು ಗಾಜಿನ ತೊಟ್ಟಿ.

“ನಾರ್ತಿದೆ ಕಣೇ! ಬಂದೋರು ಏನಂದ್ಕೋತಾರೆ? ಆ ತೊಟ್ಟಿ ನೀರೂ ಚೆಲ್ಲು ಅತ್ಲಾಗೆ.”

“ಬರೀ ನೀರಲ್ಲ ಅದು. ಅತ್ತೆ ಸಾಕಿದ ಮರಿಗಳಿವೆ, ಸಮುದ್ರದ ಕೊಳವೆ ಹುಳದ್ದು. ಕಣ್ಣಿಗೆ ಕಾಣಲ್ಲ ಅಷ್ಟೆ. ಇವತ್ತು ತೊಟ್ಟಿಗೆ ಟೈಲ್ಸು ಇಳಿಸ್ಬೇಕು ಅಂತ ಆಸ್ಪತ್ರೇಲೂ ಅದೇ ಜಪ. ಕೂರೋಕೆ ಜಾಗ ಸಿಗ್ದಿದ್ರೆ ಈಜಿ ಈಜಿ ಸತ್ತೋಗ್ತವೆ.”

ವ್ಯಾನು ಬಂದು ನಿಂತಿತು. ಸೊಸೆಯ ಗಂಡ ಬಾಗಿಲಿಗೆ ಬಂದ. ಅತ್ತು ಅತ್ತು ಮುಖ ಊದಿತ್ತು.

“ಅಮ್ಮನ್ನ ಹೊರಡಿಸೋ ಹೊತ್ತಲ್ಲಿ ನಿಂಗೆ ಹುಳ ಬೇಕಾ?”

“ಬೇಕು,” ಎಂದಳು. ಹಳೆಯ ಹುಳವೊಂದು ಕೊಳವೆ ಕಟ್ಟಿದ್ದ ತುಂಡನ್ನೇ ಆರಿಸಿ ಮೆಲ್ಲಗೆ ತೊಟ್ಟಿಯೊಳಗೆ ಇಳಿಸಿದಳು.

*

ಮದುವೆಯಾದ ಹೊಸತರಲ್ಲಿ ಅವಳೂ ಇದೇ ಕೆಲಸ ಮಾಡಿದ್ದಳು. ಅತ್ತೆಯ ಹತ್ತಿರ ಭೇಷ್ ಅನ್ನಿಸಿಕೊಳ್ಳೋಣವೆಂದು, ಅವರು ಸಮುದ್ರದಲ್ಲಿ ನೆನೆಹಾಕಿ ತಂದಿದ್ದ ಟೈಲ್ಸನ್ನೆಲ್ಲ ಸೋಪು ಹಾಕಿ ತಿಕ್ಕಿ ಫಳಫಳ ಮಾಡಿಟ್ಟಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಮುಗಿಸಿ ಬಂದ ಅತ್ತೆ ನೋಡಿ ತಲೆ ಮೇಲೆ ಕೈಹೊತ್ತು ಕೂತರು. “ಹೋಯ್ತಲ್ಲೇ! ಈ ಸಲದ ಮರಿಗಳೆಲ್ಲ ಹೋದ್ವಲ್ಲೇ!” ಊಟಕ್ಕೂ ಏಳಲಿಲ್ಲ. ಸೊಸೆ ಸೂಟ್‌ಕೇಸು ತುಂಬಿದಳು. ತವರಿಗೆ ಹೋಗುವುದೇ ಸೈ.

ಬೆಳಿಗ್ಗೆ ಅತ್ತೆಯೇ ಕರೆದು ಲೋಳೆ ಹಿಡಿದ ಇನ್ನೊಂದು ತುಂಡನ್ನು ಕೈಗಿಟ್ಟರು.

“ಮುಟ್ಟು. ಇದು ಕೊಳೆ ಅಲ್ಲ ಕಣೇ, ಹಾಸಿಟ್ಟ ಚಾಪೆ. ಇದಿಲ್ದೆ ಮರಿ ಕೂರಲ್ಲ. ತನ್ನೋರು ಯಾರಾದ್ರೂ ಇದ್ರೆ ಇನ್ನೂ ಬೇಗ ಕೂರುತ್ತೆ. ಒಂದ್ಸಲ ಅಂಟ್ಕೊಂಡ್ರೆ ಸಾಯೋ ತನಕ ಅಲ್ಲೇ. ಅದಕ್ಕೇ ಮುಟ್ಟಿ ಮುಟ್ಟಿ ನೋಡುತ್ತೆ.”

“ಮದುವೆಗೆ ಮುಂಚೆ ನಂಗ್ಯಾರೂ ಹಾಗೆ ನೋಡೋಕೆ ಬಿಡ್ಲಿಲ್ಲ, ಅತ್ತೆ.”

ಅತ್ತೆ ಗೊಳ್ಳನೆ ನಕ್ಕರು. “ಈಗ ನೋಡ್ಕೊ. ನಾನೇನು ಓಡಿಸ್ತಿದ್ದೀನಾ?”

ಅವಳು ಸೂಟ್‌ಕೇಸು ಬಿಚ್ಚಿದಳು.

*

ಸಂಜೆ ಎಲ್ಲ ಮುಗಿಸಿ ಬಂದ ಮೇಲೆ ಚಿಕ್ಕತ್ತೆ ಮತ್ತೆ ಒದ್ದೆ ಬಟ್ಟೆ ಹಿಡಿದರು. ಹಿಂದಿನ ಕೋಣೆಯಲ್ಲಿ ಅಕ್ಕನ ಬೆತ್ತದ ಕುರ್ಚಿಯಿತ್ತು. ವರ್ಷಗಟ್ಟಲೆ ಕೈಯೂರಿ ಅದರ ಕೈಗಳು ಕಪ್ಪಗೆ ಜಿಡ್ಡು ಹಿಡಿದಿದ್ದವು.

“ಇದೊಂದು ಉಳೀತು ನೋಡು. ಒರೆಸಿಬಿಡ್ತೀನಿ.”

ಗಂಡ ಸೊಸೆಯ ಹಿಂದೆಯೇ ಬಂದು ತೊಟ್ಟಿಯ ಹತ್ತಿರ ನಿಂತ. “ಕೂತ್ವಾ?” ಎಂದ, ಮೆಲ್ಲಗೆ.

ಅವಳು ತುಂಡನ್ನು ತಟ್ಟೆಯ ಉಪ್ಪುನೀರಿಗೆ ಹಾಕಿ ಮಸೂರ ಕೊಟ್ಟಳು. ಹಳೆಯ ಕೊಳವೆಯ ಸುತ್ತ ಸಣ್ಣ ಸಣ್ಣ ಬಿಳಿ ಎಳೆಗಳು, ಮರಿಗಳ ಹೊಸ ಕೊಳವೆಗಳು, ಅಂಟಿದ್ದವು. ಅವನು ನೋಡಿ, ಮಸೂರವನ್ನು ಚಿಕ್ಕಮ್ಮನಿಗೆ ದಾಟಿಸಿದ.

ಚಿಕ್ಕತ್ತೆ ಬಹಳ ಹೊತ್ತು ಬಗ್ಗಿ ನೋಡಿದರು. “ಮನೆಗೆ ಕರೆದಾಗಲೆಲ್ಲ ಅಕ್ಕ ಪುರುಸೊತ್ತಿಲ್ಲ ಅಂತಿದ್ಲು. ಇದಕ್ಕೇನಾ?” ಎಂದು ಅಳುತ್ತಲೇ ನಕ್ಕರು. ಆಮೇಲೆ ಒದ್ದೆ ಬಟ್ಟೆಯನ್ನು ಹಿಂಡಿ ಮೊಳೆಗೆ ನೇತುಹಾಕಿದರು.

ಬೆಳಗಿನಿಂದ ಎಲ್ಲೂ ಕೂತಿರದ ಸೊಸೆ ಆ ಕುರ್ಚಿಯಲ್ಲಿ ಕೂತಳು. ಎರಡೂ ಅಂಗೈಗಳನ್ನು ಅದರ ಜಿಡ್ಡಿನ ಮೇಲೆ ಊರಿಕೊಂಡಳು.