ಶೆಡ್ಡಿಗೊಂದು ಸೂಜಿ

ಶಿಡ್ಲಘಟ್ಟದ ಅಮಾನುಲ್ಲಾ ಸಾಹೇಬರ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರಿಗೆ ಬೆರಳು ಅನ್ನುವುದು ಹೆಸರಿಗಷ್ಟೇ. ಬಿಸಿನೀರಿನ ಬೇಸಿನ್ನಿನಲ್ಲಿ ದಿನವಿಡೀ ಬೆಂದು, ಸುಲಿದು, ಬಿರುಕು ಬಿಟ್ಟಿರುತ್ತವೆ. ಹಮೀದಾ ಬೇಗಂ ಬೆರಳಂತೂ ಕೇಳಲೇಬೇಡಿ. ಸಾಲದ್ದಕ್ಕೆ ಅವಳಿಗೆ ಹೆಪಟೈಟಿಸ್ ಸಿ, ಲಿವರ್ ತಿನ್ನುವ ಕಾಯಿಲೆ. ಎಲ್ಲಿಂದ ಅಂಟಿತೋ ಡಾಕ್ಟರಿಗೂ ಗೊತ್ತಾಗಲಿಲ್ಲ. ಜ್ವರ ಬಂದಾಗಲೆಲ್ಲ ಸಿಕ್ಕ ಕ್ಲಿನಿಕ್ಕಿನಲ್ಲಿ ಚುಚ್ಚಿಸಿಕೊಂಡವಳು. ಸಿರಿಂಜು ಹೊಸದಾ ಎಂದು ಕೇಳಿದರೆ ಬೈಸಿಕೊಳ್ಳಬೇಕಲ್ಲ! ದೊಡ್ಡಾಸ್ಪತ್ರೆಯವರು ಪುಕ್ಕಟೆ ಮಾತ್ರೆ ಕೊಟ್ಟು, ಮೂರು ತಿಂಗಳು ನುಂಗಿದರೆ ವಾಸಿಯಾಗುತ್ತದೆ ಎಂದಿದ್ದರು. ಅಲ್ಲಿಯವರೆಗೆ ಬಾಯಿ ಬಿಡಬಾರದೆಂದು ಹಮೀದಾ ತೀರ್ಮಾನಿಸಿದ್ದಳು. ಗಂಡ ಸತ್ತವಳು, ಕೆಲಸ ಹೋದರೆ ಒಲೆ ಉರಿಯುವುದಿಲ್ಲ.

ಅಷ್ಟರಲ್ಲಿ ನೂಲು ಕೊಳ್ಳುವ ಕಂಪನಿಯವರು, ಕೆಲಸಗಾರರ ಆರೋಗ್ಯ ತಪಾಸಣೆ ಆಗದಿದ್ದರೆ ನೂಲು ಬೇಡ ಎಂದರು. ಸಾಹೇಬರಿಗೆ ಹೆಂಗಸರ ಆರೋಗ್ಯದ ಮೇಲೆ ಏಕಾಏಕಿ ಪ್ರೀತಿ ಉಕ್ಕಿತು. ಎಲ್ಲಕ್ಕಿಂತ ಅಗ್ಗದ ಲ್ಯಾಬಿನಿಂದ ಜಗನ್ ಎಂಬವನು ಸಕ್ಕರೆ ಕಾಯಿಲೆ ನೋಡುವ ಮಿಷನ್ ಹಿಡಿದು ಬಂದ.

ಸಾಲಿನಲ್ಲಿ ಹಮೀದಾ ಮೊದಲು. ಜಗನ್ ಹೊಸ ಸೂಜಿ ಬಿಚ್ಚಿದ್ದನ್ನು ಕಂಡು ನಿರಾಳವಾಗಿ ಬೆರಳು ಕೊಟ್ಟಳು. ಚುಚ್ಚಿ ರಕ್ತ ತೆಗೆದ. ಅದೇ ಸೂಜಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, "ಮುಂದೆ ಬಾರಮ್ಮ" ಎಂದ.

ಮುಂದಿನವಳು ಅನಸೂಯಮ್ಮ. ದಿನಾ ಹಮೀದಾಳ ಲೋಟದಲ್ಲೇ ಅರ್ಧ ಟೀ ಕುಡಿಯುವ ಗೆಳತಿ. ಹಮೀದಾ ಜಗನ್‌ಗೆ ಅಡ್ಡ ಬಂದಳು.

"ಏನಪ್ಪ, ಅವ್ಳಿಗೆ ಬೇರೆ ಸೂಜಿ ಹಾಕಪ್ಪ."

"ಶೆಡ್ಡಿಗೊಂದು ಸೂಜಿ ಅಂತ ಲ್ಯಾಬಿನೋರು ಕೊಟ್ಟವ್ರೆ. ಒರೆಸಿದೀನಲ್ಲಮ್ಮ."

ಅನಸೂಯಮ್ಮ ಆಗಲೇ ಬೆರಳು ಚಾಚಿದ್ದಳು. ಹಮೀದಾ ಅವಳ ಕೈ ಹಿಡಿದೆಳೆದಳು.

"ಬ್ಯಾಡ ಕಣೇ! ನಂಗೆ ಹೆಪಟೈಟಿಸ್ ಸಿ ಐತೆ. ನನ್ ರಕ್ತ ಆ ಸೂಜೀಲೈತೆ."

ಹೆಂಗಸರು ಹಿಂದೆ ಸರಿದರು. ಸಾಹೇಬರು ಮುಂದೆ ಬಂದರು.

"ತೋಬಾ! ಇಂಥಾ ರೋಗ ಇಟ್ಕೊಂಡು ನನ್ ಬೇಸಿನ್ನಿಗೆ ಕೈ ಹಾಕ್ತಿದ್ದೀಯಾ? ನಡಿ ಆಚೆ, ನಾಳೆಯಿಂದ ಬರಬ್ಯಾಡ. ಏಯ್, ಅವಳ ನೀರು ಚೆಲ್ರೋ! ಆ ಲೋಟ ಬಿಸಾಕ್ರೋ!"

ನೀರು ಚೆಲ್ಲಿದರು. ಲೋಟ ಮೋರಿಗೆ ಬಿತ್ತು. ಸೂಜಿ ಮಾತ್ರ ಜಗನ್ ಕೈಯಲ್ಲೇ ಇತ್ತು.

"ಮುಂದೆ ಬಾರಮ್ಮ" ಎಂದ.

ಅನಸೂಯಮ್ಮ ಹಮೀದಾಳ ಕಡೆ ತಿರುಗಿದಳು. "ನಿನ್ ಲೋಟದ ಟೀ ಕುಡ್ದಿದೀನಲ್ಲೇ ಹಮೀದಾ, ನಂಗೂ ಬಂತೇನೇ?"

"ಲೋಟದಿಂದ ಬರಲ್ವಂತೆ. ಜೊತೇಲಿ ಉಂಡ್ರೂ ಬರಲ್ವಂತೆ. ಒಬ್ರ ರಕ್ತ ಇನ್ನೊಬ್ರ ರಕ್ತಕ್ಕೆ ಸೇರಿದ್ರೇನೇ ಬರೋದಂತೆ. ಸೂಜಿ, ಬ್ಲೇಡು, ಅಂಥವು. ಕೆಲ್ಸ ಹೋಗ್ತದೆ ಅಂತ ಮುಚ್ಚಿಟ್ಟೆ ಕಣೇ," ಎಂದು ಹಮೀದಾ ಅತ್ತೇಬಿಟ್ಟಳು.

ಅನಸೂಯಮ್ಮ ಮೋರಿಯ ಕಡೆ ನೋಡಿದಳು. ಸೂಜಿಯ ಕಡೆ ನೋಡಿದಳು. ಚಾಚಿದ್ದ ಬೆರಳನ್ನು ಮಡಚಿ ಮುಷ್ಟಿ ಕಟ್ಟಿದಳು. ಹಿಂದಿನವಳು ಕೈಯನ್ನು ಸೆರಗಿನೊಳಗೆ ಸೇರಿಸಿದಳು. ಅವಳ ಹಿಂದಿನವಳೂ ಅಷ್ಟೇ. ನೋಡನೋಡುತ್ತ ಸಾಲಿಗೆ ಸಾಲೇ ಬೆರಳು ಬಚ್ಚಿಟ್ಟಿತು.

"ಏನ್ರೇ ಇದು? ತಪಾಸಣೆ ಆಗ್ದಿದ್ರೆ ನನ್ ನೂಲು ಯಾರ್ ತಗೋತಾರೆ?" ಸಾಹೇಬರು ಕೂಗಾಡಿದರು. "ಸುಮ್ನೆ ಚುಚ್ಚಿಸ್ಕೊಳ್ಳಿ, ಏನೂ ಆಗಲ್ಲ!"

"ಏನೂ ಆಗಲ್ವಾ ಸಾಬ್? ಮತ್ತೆ ಹಮೀದಾನ ಯಾಕೆ ಆಚೆಗಟ್ಟಿದ್ರಿ?" ಎಂದಳು ಅನಸೂಯಮ್ಮ. "ಬನ್ನಿ, ಮೊದ್ಲು ನೀವು ಚುಚ್ಚಿಸ್ಕೊಳ್ಳಿ. ಅದೇ ಸೂಜೀಲಿ."

ಜಗನ್ ಪಾಪ, ಹೇಳಿದ ಕೆಲಸ ಮಾಡುವವನು. ಸೂಜಿ ಹಿಡಿದು ಸಾಹೇಬರ ಕಡೆ ತಿರುಗಿದ.

ಸಾಹೇಬರು ಎರಡೂ ಕೈಗಳನ್ನು ಜುಬ್ಬಾದ ಜೇಬಿನೊಳಗೆ ತುರುಕಿದರು. ಹೆಂಗಸರು ಕಾಯುತ್ತ ನಿಂತರು.